ಬೋರ್ಡು ಬಂತು, ಹೋಟೆಲು ಬರಲಿಲ್ಲ

ಪುಣೆಯ ಬಾಣೇರಿನಲ್ಲಿ ಹನ್ನೊಂದು ತಿಂಗಳು ನಡೆದ ಒಂದು ಬೆಣ್ಣೆ ದೋಸೆ ಹೋಟೆಲು ಮುಚ್ಚಿತು. ನಮ್ಮ ದಾವಣಗೆರೆ ಕಡೆ ಅದಕ್ಕೆ ದೊಡ್ಡ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾತು ಆ ಒಂದು ಹೋಟೆಲಿನ ಮೇಲೇ ಸುತ್ತುತ್ತದೆ, ನನ್ನ ಜಗಳ ಅದರ ಜೊತೆಗಲ್ಲ.

ಫ್ರಾಂಚೈಸಿ ತೆಗೆದುಕೊಂಡವನು ನನ್ನ ಗೆಳೆಯ. ಹದಿನಾಲ್ಕು ವರ್ಷ ಕೋಡ್ ಬರೆದು ಬೇಸತ್ತವನು. ಪಿಎಫ್ ತೆಗೆದ, ಹೆಂಡತಿಯ ಒಡವೆ ಮೇಲೆ ಸಾಲ ಮಾಡಿದ. "ಹಾಕೋ, ಹಿಂಜವಡಿಯಿಂದ ವಾಕಡ್‌ವರೆಗೆ ನಮ್ಮ ಜನಾನೇ ಎಷ್ಟಿದಾರೆ, ನಾವೇ ಸಾಕು ನಿಂಗೆ" ಎಂದು ಅವನನ್ನು ಹುರಿದುಂಬಿಸಿದವರಲ್ಲಿ ನಾನೂ ಒಬ್ಬ. ಈಗ ಅವನು ಮತ್ತೆ ಕೆಲಸಕ್ಕೆ ಸೇರಿದ್ದಾನೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ.

ಶಟರ್ ಎಳೆದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೂರು ಕಾರಣಗಳು ಓಡಾಡಿದವು. ಒಂದು, ಇಲ್ಲಿಯ ನೀರು ಸರಿಯಿಲ್ಲ. ಎರಡು, ಈ ಊರಿನವರಿಗೆ ವಡಾಪಾವ್ ಇದ್ದರೆ ಸಾಕು, ನಮ್ಮ ರುಚಿ ಗೊತ್ತಾಗಲ್ಲ. ಮೂರು, ಮೂಲ ಮಾಲೀಕರಿಗೆ ದುರಾಸೆ. ಯಾವ ಹೆಸರಾಂತ ಹೋಟೆಲು ಪರವೂರಿನಲ್ಲಿ ಸೋತರೂ ನಾವು ಹೇಳುವುದು ಈ ಮೂರನ್ನೇ. ಮೂರೂ ಸುಳ್ಳು ಅಥವಾ ಅರೆಸುಳ್ಳು. ಮೂರರಲ್ಲೂ ನಮಗೊಂದು ಅನುಕೂಲವಿದೆ: ತಪ್ಪು ನಮ್ಮ ಬಾಗಿಲಿಗೆ ಬರುವುದಿಲ್ಲ.

ನೀರಿನ ಮಾತು ತೆಗೆದುಕೊಳ್ಳಿ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಕಾಫಿಯ ರುಚಿ ಬದಲಾಗುತ್ತದೆ, ಒಪ್ಪುತ್ತೇನೆ. ಆದರೆ ಅದು ಅಳೆದು ಸರಿಪಡಿಸಬಹುದಾದ ಸಮಸ್ಯೆ, ಒಂದು ಫಿಲ್ಟರಿನ ಖರ್ಚು. ಅಳೆಯದೆ ಬಿಟ್ಟಿದ್ದು ನೀರನ್ನಲ್ಲ, ಚಳಿಯನ್ನು. ಪುಣೆಯಲ್ಲಿ ಡಿಸೆಂಬರ್ ಜನವರಿಯ ರಾತ್ರಿ ಎಷ್ಟೋ ಸಲ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಉದ್ದು ಅಕ್ಕಿ ರುಬ್ಬಿದ ಹಿಟ್ಟು ಹುದುಗು ಬರುವುದು ಬ್ಯಾಕ್ಟೀರಿಯಾಗಳಿಂದ, ಅವು ನಡೆಯುವುದು ಉಷ್ಣತೆ ನೋಡಿಕೊಂಡು. ನಮ್ಮೂರಿನಲ್ಲಿ ಸಂಜೆ ರುಬ್ಬಿದ ಹಿಟ್ಟು ಬೆಳಿಗ್ಗೆ ತಯಾರು. ಇಲ್ಲಿ ಅದೇ ಹಿಟ್ಟು ಬೆಳಿಗ್ಗೆ ಏಳಕ್ಕೂ ಕಲ್ಲಿನ ಹಾಗೆ ಕೂತಿರುತ್ತಿತ್ತು. ಫ್ರಾಂಚೈಸಿಯ ಜೊತೆ ಬಂದ ಕೈಪಿಡಿಯಲ್ಲಿ "ರಾತ್ರಿಯಿಡೀ ನೆನೆಯಲು ಬಿಡಿ" ಎಂದಷ್ಟೇ ಇತ್ತು. ಯಾವ ಊರಿನ ರಾತ್ರಿ ಎಂದು ಇರಲಿಲ್ಲ.

ಎರಡನೆಯದು ಅಹಂಕಾರದ ಮಾತು. ಈ ಊರಿಗೆ ನಮ್ಮ ರುಚಿ ಗೊತ್ತಾಗದಿದ್ದರೆ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಎಪ್ಪತ್ತು ವರ್ಷ ಹೇಗೆ ನಡೆಯಿತು? ಅದನ್ನು ಕಟ್ಟಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯವರೇ. ಮುಂಬೈಯ ಮಾಟುಂಗಾದಲ್ಲಿ 1942ರಿಂದ ಇರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಮುಂದೆ ಊಟಕ್ಕೆ ಸಾಲು ನಿಲ್ಲುವವರೆಲ್ಲ ಕನ್ನಡಿಗರೇ? ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೂರನೆಯದು ದುರಾಸೆ. ವ್ಯಾಪಾರ ಮಾಡುವವನು ಬೆಳೆಯಬೇಕೆಂದು ಬಯಸುವುದು ದುರಾಸೆಯಾದರೆ, ಪ್ರತಿ ಏಪ್ರಿಲ್‌ನಲ್ಲಿ ಅಪ್ರೈಸಲ್‌ಗೆ ಕಾಯುವ ನಮ್ಮದು ಏನು?

ಹಾಗಾದರೆ ನಿಜವಾಗಿ ಆದದ್ದೇನು? ನನ್ನ ಕಸುಬಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ಸರ್ವರಿನಲ್ಲಿ ಇಪ್ಪತ್ತು ವರ್ಷದಿಂದ ಓಡುತ್ತಿರುವ ತಂತ್ರಾಂಶವನ್ನು ಹೊಸ ಕಡೆಗೆ ಎತ್ತಿ ಇಡಬೇಕು ಎಂದುಕೊಳ್ಳಿ. ಕೋಡ್ ಎಲ್ಲ ಕೈಯಲ್ಲಿದೆ. ಎತ್ತಿ ಇಟ್ಟ ದಿನ ಏನೂ ನಡೆಯುವುದಿಲ್ಲ. ಆಮೇಲೆ ಗೊತ್ತಾಗುತ್ತದೆ, ಹಳೆಯ ಯಂತ್ರದ ಮೂಲೆಯಲ್ಲಿ ಪ್ರತಿ ರಾತ್ರಿ ಎರಡಕ್ಕೆ ಯಾರೋ ಬರೆದಿಟ್ಟ ಸಣ್ಣ ಪ್ರೋಗ್ರಾಮೊಂದು ಕಸ ಗುಡಿಸುತ್ತಿತ್ತು. ಯಾವ ದಾಖಲೆಯಲ್ಲೂ ಅದಿಲ್ಲ. ಬರೆದವನು ನಿವೃತ್ತನಾಗಿದ್ದಾನೆ. ವ್ಯವಸ್ಥೆ ನಿಂತಿದ್ದೇ ಅದರ ಮೇಲೆ.

ಹಳೆಯ ಹೋಟೆಲು ಅಂದರೆ ಇಂಥ ದಾಖಲೆಯಿಲ್ಲದ ನೂರು ಸಂಗತಿಗಳು. ನಮ್ಮೂರಿನ ದೋಸೆ ಹೋಟೆಲನ್ನು ನೆನೆಸಿಕೊಳ್ಳಿ. ಬೆಣ್ಣೆ ದೋಸೆ, ಓಪನ್, ಖಾಲಿ, ಅಲ್ಲಿಗೆ ಮುಗಿಯಿತು ಪಟ್ಟಿ. ಸೌದೆ ಒಲೆ. ಹಿಟ್ಟಿಗೆ ಮಂಡಕ್ಕಿ. ಪಕ್ಕದಲ್ಲಿ ಅರಿಶಿನವಿಲ್ಲದ ಆಲೂಗಡ್ಡೆ ಪಲ್ಯ, ನೀರು ನೀರಾದ ಚಟ್ನಿ. ಬೆಣ್ಣೆ ಸುತ್ತಲ ಹಳ್ಳಿಗಳಿಂದ ಬರುತ್ತದೆ, ಹುಳಿಯಾದರೆ ಮಾಲೀಕ ಮೂಸಿ ನೋಡಿ ವಾಪಸ್ ಕಳಿಸುತ್ತಾನೆ. ಕಟ್ಟಡ ಎಷ್ಟೋ ಕಡೆ ಸ್ವಂತದ್ದು. ಎಷ್ಟು ದೋಸೆ ಹೋಗುತ್ತದೆ ಎಂಬುದು ವಾರದ ಲೆಕ್ಕದಲ್ಲಿ ಗೊತ್ತಿರುವುದರಿಂದ ಅಷ್ಟೇ ಹಿಟ್ಟು ರುಬ್ಬುತ್ತಾರೆ, ಹನ್ನೊಂದೂವರೆಗೆ ಮುಗಿಯುತ್ತದೆ. ಹಿಟ್ಟು ಉಳಿಯುವ ಪ್ರಶ್ನೆಯೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಮೂಲೆಯ ಬೆಂಚಿನಲ್ಲಿ ಮೂವತ್ತು ವರ್ಷದಿಂದ ಪೇಪರ್ ಓದುತ್ತಾ ಕೂರುವ ಒಬ್ಬ ಹಿರಿಯ. "ಇವತ್ತು ಉಪ್ಪು ಕಮ್ಮಿ ಆಗೇತಲ್ಲೋ ತಮ್ಮಾ" ಎಂದು ಗಲ್ಲಾದವರೆಗೆ ಕೇಳುವ ಹಾಗೆ ಹೇಳುತ್ತಾನೆ. ಮರುದಿನ ಉಪ್ಪು ಸರಿಯಿರುತ್ತದೆ. ನಾವು ಲಕ್ಷಗಟ್ಟಲೆ ಸಂಬಳ ಕೊಟ್ಟು ಇಟ್ಟುಕೊಳ್ಳುವ ಟೆಸ್ಟಿಂಗ್ ತಂಡ ಅಂದರೆ ಇದೇ, ಪುಕ್ಕಟೆಯಾಗಿ.

ಬಾಣೇರಿಗೆ ಬಂದದ್ದೇನು? ಬೋರ್ಡು, ಲೋಗೋ, ಕೈಪಿಡಿ, ಮತ್ತು ಮೊದಲ ನಲವತ್ತು ದಿನಕ್ಕೆ ಒಬ್ಬ ಭಟ್ಟರು. ನಲವತ್ತೊಂದನೇ ದಿನ ಭಟ್ಟರು ಬಸ್ ಹತ್ತಿದರು. ಸೌದೆ ಒಲೆಗೆ ಅಪಾರ್ಟ್‌ಮೆಂಟಿನ ಕೆಳಗಿನ ಅಂಗಡಿಯಲ್ಲಿ ಅನುಮತಿ ಇಲ್ಲ, ಗ್ಯಾಸ್ ಬಂತು. ಹಳ್ಳಿಯ ಬೆಣ್ಣೆಯ ಬದಲು ಉಪ್ಪು ಹಾಕಿದ ಹಳದಿ ಬೆಣ್ಣೆ ಬಂತು. ಬಾಣೇರಿನ ಪಕ್ಕದಲ್ಲಿ ಹಾದುಹೋಗುವ ಹೆದ್ದಾರಿ 48 ದಾವಣಗೆರೆಯ ಪಕ್ಕವೂ ಹಾದುಹೋಗುತ್ತದೆ, ರಾತ್ರಿ ಬಸ್ಸಿಗೆ ಬೆಣ್ಣೆ ಹಾಕಿದರೆ ಬೆಳಿಗ್ಗೆ ಕೈಯಲ್ಲಿ. ಅದನ್ನು ಯಾರೂ ಯೋಚಿಸಲೇ ಇಲ್ಲ.

ಇನ್ನು ದುಡ್ಡಿನ ಲೆಕ್ಕ. ಇವು ಗೆಳೆಯನ ಪುಸ್ತಕದ ಅಂಕಿಗಳಲ್ಲ, ಅರ್ಥವಾಗಲೆಂದು ನಾನು ಹಾಕಿದವು. ತಿಂಗಳಿಗೆ ಎರಡೂವರೆ ಲಕ್ಷ ಬಾಡಿಗೆ ಅಂದರೆ ದಿನಕ್ಕೆ ಸುಮಾರು 8,300 ರೂಪಾಯಿ. ದೋಸೆಗೆ 110 ರೂಪಾಯಿ. ಅಕ್ಕಿ, ಬೇಳೆ, ಬೆಣ್ಣೆ, ಗ್ಯಾಸ್ ಕಳೆದು 50 ಉಳಿಯಿತು ಅನ್ನಿ. ಬಾಡಿಗೆಗೆಂದೇ ದಿನಕ್ಕೆ 167 ದೋಸೆ ಹೋಗಬೇಕು. ಸಂಬಳ, ಕರೆಂಟು, ರಾಯಲ್ಟಿ, ಸಾಲದ ಕಂತು ಆಮೇಲೆ. ಆ್ಯಪ್‌ನಲ್ಲಿ ಮಾರಿದರೆ ಕಮಿಷನ್ ಕಾಲು ಭಾಗ ಅಂದುಕೊಂಡರೂ ಉಳಿಯುವುದು ದೋಸೆಗೆ 22 ರೂಪಾಯಿ, ಡಬ್ಬದ ಖರ್ಚು ಬೇರೆ. ಆ ದೋಸೆಯೋ, ಡಬ್ಬದೊಳಗೆ ಇಪ್ಪತ್ತು ನಿಮಿಷ ಬೆವರಿ ಒದ್ದೆ ಬಟ್ಟೆಯಾಗಿ ಗಿರಾಕಿಯ ಕೈ ಸೇರುತ್ತದೆ. ಕೆಳಗೆ ಒಂದು ಸ್ಟಾರ್ ಬೀಳುತ್ತದೆ.

ಬಾಡಿಗೆ ಹುಟ್ಟದಿದ್ದಾಗ ಏನು ಮಾಡುತ್ತಾರೆ? ಪಟ್ಟಿ ಉದ್ದ ಮಾಡುತ್ತಾರೆ. ಮೂರನೇ ತಿಂಗಳಿಗೆ ಗೋಬಿ ಮಂಚೂರಿ ಬಂತು, ಐದನೇ ತಿಂಗಳಿಗೆ ಪನೀರ್ ಥಾಲಿ. ದೋಸೆಯ ಕಾವಲಿ ತಣ್ಣಗಾಗತೊಡಗಿತು. ಹಿಟ್ಟು ಉಳಿಯಿತು, ಫ್ರಿಜ್ಜಿಗೆ ಹೋಯಿತು, ಮರುದಿನ ಹುಳಿಯಾಗಿ ಹೊರಬಂತು. ಯಾವ ದೋಸೆಗಾಗಿ ಜನ ಬರಬೇಕಿತ್ತೋ ಆ ದೋಸೆಯೇ ಕೆಟ್ಟಿತು. ಇದು ರುಚಿಯ ಅವನತಿ ಅಲ್ಲ, ಗಣಿತ. ಯಾವ ಊರಿನಲ್ಲಿ ಯಾರು ಮಾಡಿದರೂ ಇದೇ ಕ್ರಮದಲ್ಲಿ ಆಗುತ್ತದೆ.

ಈಗ ನಮ್ಮ ಪಾಲಿಗೆ ಬರೋಣ. ಹನ್ನೊಂದು ತಿಂಗಳಲ್ಲಿ ನಾನು ಆ ಹೋಟೆಲಿಗೆ ಹೋಗಿದ್ದು ಐದು ಸಲ. ಯುಪಿಐ ಹಿಸ್ಟರಿ ತೆಗೆದು ಎಣಿಸಿದ್ದೇನೆ. ಎರಡು ಸಲ ಮೊದಲ ವಾರದಲ್ಲೇ. ಉದ್ಘಾಟನೆಯ ಭಾನುವಾರ ನಾವೆಲ್ಲ ಹೋಗಿ ಒಂದು ಗಂಟೆ ಸಾಲಿನಲ್ಲಿ ನಿಂತೆವು, ಫೋಟೋ ಹಾಕಿದೆವು, ತಿಂದ ಮೇಲೆ "ಊರಿನದ್ದು ಊರಿನದ್ದೇ ಬಿಡಪ್ಪ" ಎಂದು ತಲೆಯಾಡಿಸಿ ಬಂದೆವು. ಮೊದಲ ದಿನದ ಆ ಜಾತ್ರೆ ನೋಡಿ ಗೆಳೆಯ ಇನ್ನೂ ನಾಲ್ಕು ಹುಡುಗರನ್ನು ಸೇರಿಸಿಕೊಂಡ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ನಾವು ಆಗ ಆಫೀಸಿನ ಕ್ಯಾಂಟೀನಿನಲ್ಲಿ ಪೋಹೆ ತಿನ್ನುತ್ತಿದ್ದೆವು.

ನಾವು ಬಯಸಿದ್ದು ಹೋಟೆಲನ್ನಲ್ಲ, ನೆನಪನ್ನು. ನೆನಪಿಗೆ ತಿಂಗಳಿಗೊಂದು ಸಲ ಸಾಕು. ಹೋಟೆಲಿಗೆ ದಿನಾ ಬೆಳಿಗ್ಗೆ ಗಿರಾಕಿ ಬೇಕು. ಅದಕ್ಕಿಂತ ಹೆಚ್ಚಾಗಿ ಬೈಯುವವರು ಬೇಕು. ಮೂಲೆಯ ಬೆಂಚಿನ ಆ ಹಿರಿಯನ ಕೆಲಸ ಇಲ್ಲಿ ನಾವು ಮಾಡಬೇಕಿತ್ತು. ಉಪ್ಪು ಕಮ್ಮಿ ಎಂದು ಗೆಳೆಯನಿಗೆ ನಾನು ಒಂದು ಸಲವೂ ಹೇಳಲಿಲ್ಲ, ಸಂಕೋಚ. ಗುಂಪಿನಲ್ಲಿ ಮಾತ್ರ ಹೇಳಿದೆ.

ಈಗ ಗೆದ್ದವರನ್ನು ನೋಡಿ. ಜಗನ್ನಾಥ ಶೆಟ್ಟರು ಪುಣೆಗೆ ಬಂದಾಗ ಅವರ ಜೊತೆ ಯಾವ ಹೆಸರೂ ಇರಲಿಲ್ಲ. ಹುಡುಗನಾಗಿ ಬಂದು ಸಂಬಂಧಿಕರ ಹೋಟೆಲಿನಲ್ಲಿ ದುಡಿದು ಊರನ್ನು ಕಲಿತರು. ವೈಶಾಲಿಯ ಮೊದಲ ಹೆಸರು ಮದ್ರಾಸ್ ಹೆಲ್ತ್ ಹೋಮ್. ಇಡ್ಲಿ ಸಾಂಬಾರಿನ ಜೊತೆಗೇ ಈ ಊರಿನ ಹುಡುಗರು ಮುಗಿಬೀಳುವ ಸೇವ್ ಪೊಟ್ಯಾಟೊ ದಹಿ ಪುರಿಯೂ ಅಲ್ಲಿ ಹೆಸರಾಯಿತು. ಅದನ್ನು ಯಾರೂ ಕಲಬೆರಕೆ ಎಂದು ಬೈಯಲಿಲ್ಲ. ಬಾಣೇರಿನ ಥಾಲಿಗೂ ಇದಕ್ಕೂ ವ್ಯತ್ಯಾಸವೇನು ಎಂದು ಕೇಳಬಹುದು. ಶೆಟ್ಟರದು ಊರನ್ನು ಬಲ್ಲವರ ಅಡುಗೆ. ನಮ್ಮದು ಬಾಡಿಗೆಗೆ ಹೆದರಿದವರ ಅಡುಗೆ.

ಮುಂಬೈಯ ಉಡುಪಿ ಹೋಟೆಲುಗಳಂತೂ ಪಾಕವನ್ನಲ್ಲ, ಜನರನ್ನು ತಂದವು. ಕರಾವಳಿಯ ಹಳ್ಳಿಗಳಿಂದ ಬಂದ ಹುಡುಗರು ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಗಲ್ಲಾದ ಮೇಲೆ ಕೂತು, ಕೊನೆಗೆ ತಮ್ಮದೇ ಹೋಟೆಲು ಹಾಕಿದರು. ಹಗಲು ಲೋಟ ತೊಳೆದವರು ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಆ ಹೋಟೆಲುಗಳಲ್ಲಿ ಶೋಷಣೆ ಇರಲಿಲ್ಲ ಎನ್ನುವಷ್ಟು ಮುಗ್ಧ ನಾನಲ್ಲ. ಆದರೆ ಕೆಲಸ ಕಲಿತವನಿಗೆ ಮುಂದೊಂದು ಮೆಟ್ಟಿಲಿತ್ತು. ನಲವತ್ತು ದಿನಕ್ಕೆ ಬಂದು ಹೋಗುವ ಭಟ್ಟರಿಗೆ ಯಾವ ಮೆಟ್ಟಿಲಿದೆ? ಮುಚ್ಚಿದ ಹೋಟೆಲಿನ ಹುಡುಗರು ಈಗ ಎಲ್ಲಿದ್ದಾರೆ ಎಂದು ನಮ್ಮ ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಾಗಾದರೆ ಹೆಸರಾಂತ ಹೋಟೆಲು ಊರು ಬಿಡಲೇಬಾರದೆ? ಹಾಗಲ್ಲ. ಎಂಟಿಆರ್ ನೋಡಿ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ತುರ್ತುಪರಿಸ್ಥಿತಿಯ ಕಾಲದ ಬೆಲೆ ನಿಯಂತ್ರಣದಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಮಿಕ್ಸ್‌ಗಳನ್ನು ಮಾಡಿ ಮಾರತೊಡಗಿದರು. ಪ್ಯಾಕೆಟ್ಟಿನೊಳಗೆ ಹೋಗಬಲ್ಲದ್ದು ಪ್ಯಾಕೆಟ್ಟಿಗೆ ಹೋಯಿತು, ಹೋಗಲಾರದ್ದು ಲಾಲ್‌ಬಾಗ್ ರಸ್ತೆಯಲ್ಲೇ ಉಳಿಯಿತು. 2007ರಲ್ಲಿ ಪ್ಯಾಕೆಟ್ಟಿನ ಕಂಪನಿ ನಾರ್ವೆಯ ಒರ್ಕ್ಲಾಕ್ಕೆ ಮಾರಾಟವಾದಾಗಲೂ ಹೋಟೆಲುಗಳು ಕುಟುಂಬದಲ್ಲೇ ಉಳಿದವು. ಧಾರವಾಡ ಪೇಡ ಊರೂರು ಸುತ್ತುತ್ತದೆ, ಯಾಕೆಂದರೆ ಪೇಡ ದಿನಗಟ್ಟಲೆ ಇರುತ್ತದೆ. ದೋಸೆಗೆ ಐದು ನಿಮಿಷದ ಆಯುಷ್ಯ. ಯಾವುದು ಪ್ರಯಾಣ ಮಾಡುತ್ತದೆ, ಯಾವುದನ್ನು ಹೊಸ ಊರಿನಲ್ಲಿ ಮೊದಲಿಂದ ಬೆಳೆಸಬೇಕು ಎಂಬ ವಿವೇಕ ಬೇಕು. ಪ್ರಯಾಣ ಮಾಡದ್ದನ್ನು ಕೈಪಿಡಿಯಲ್ಲಿ ಬರೆದು ಮಾರುವುದು ವ್ಯಾಪಾರವಲ್ಲ. ಹೆಸರು ಮಾರಿದವನಿಗೆ ಮುಂಗಡವೇ ಹಣ ಬಂದಿರುತ್ತದೆ, ಹೋಟೆಲು ಮುಚ್ಚಿದರೆ ನಷ್ಟ ಹೆಸರು ಕೊಂಡವನದ್ದು.

ಹೋದ ತಿಂಗಳು ಇನ್ನೊಬ್ಬ ಪರಿಚಿತ ಫೋನ್ ಮಾಡಿದ್ದ. ಹುಬ್ಬಳ್ಳಿ ಕಡೆಯ ಇನ್ನೊಂದು ದೊಡ್ಡ ಹೆಸರು, ವಾಕಡ್‌ನಲ್ಲಿ ಜಾಗ ನೋಡಿದ್ದಾನಂತೆ. ಈ ಸಲ "ಹಾಕೋ" ಅನ್ನಲಿಲ್ಲ. ಕಾವಲಿಯ ಮುಂದೆ ಮೂರನೇ ವರ್ಷ ಯಾರು ನಿಂತಿರುತ್ತಾರೆ, ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಬಾಡಿಗೆಗೆ ದಿನಕ್ಕೆ ಎಷ್ಟು ದೋಸೆ ಬೇಕು, ಡಿಸೆಂಬರಿನಲ್ಲಿ ಹಿಟ್ಟು ಎಷ್ಟು ಗಂಟೆಗೆ ಹುದುಗು ಬರುತ್ತದೆ, ಮೂಲ ಮಾಲೀಕರು ಈ ಅಂಗಡಿಯಲ್ಲಿ ತಮ್ಮ ಹಣ ಎಷ್ಟು ಹಾಕುತ್ತಾರೆ ಎಂದು ಕೇಳಿದೆ. ಐದನೆಯದಕ್ಕೆ ಅವನು ನಕ್ಕುಬಿಟ್ಟ. "ಅವರ್ಯಾಕೆ ಹಾಕ್ತಾರೆ ಸಾರ್, ಹೆಸರು ಅವರದ್ದು!"

ಹಾಗಾದರೆ ಹೆಸರಿಲ್ಲದ ಹೋಟೆಲು ಹಾಕು ಅಂದೆ. ಸಣ್ಣದು, ಒಂದು ಕಾವಲಿ, ಮೂರು ತಿಂಡಿ, ನಿನ್ನದೇ ಹೆಸರು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಬರುತ್ತೇನೆ, ಉಪ್ಪು ಕಮ್ಮಿಯಿದ್ದರೆ ಗಲ್ಲಾದವರೆಗೆ ಕೇಳುವ ಹಾಗೆ ಹೇಳುತ್ತೇನೆ. ಅವನು ಇನ್ನೂ ಏನೂ ತೀರ್ಮಾನಿಸಿಲ್ಲ. ಹಾಕಿದರೆ ವಿಳಾಸ ಕೊಡುತ್ತೇನೆ, ಭಾನುವಾರ ಬಿಟ್ಟು ಬನ್ನಿ.