ತಾಯಂದಿರು ಬಾಯಿಬಿಟ್ಟು ಹೇಳದ ಉರಿ

ಐವತ್ತು ದಾಟಿದ ತಾಯಂದಿರ ಆರೋಗ್ಯದ ಮಾತು ನಮ್ಮ ಮನೆಗಳಲ್ಲಿ ಬಂದಾಗ ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಎಂಬ ಹೆಸರುಗಳು ಕೇಳಿಬರುತ್ತವೆ. ಮಗ ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಸೊಸೆ ಮಾತ್ರೆಯ ವೇಳೆಯನ್ನು ನೆನಪಿಸುತ್ತಾಳೆ. ಆದರೆ ಅದೇ ತಾಯಿ ಮುಟ್ಟು ನಿಂತಂದಿನಿಂದ ಗುಪ್ತಾಂಗದಲ್ಲಿ ಉರಿ, ಒಣಗಿ ಹಿಡಿದಂಥ ಬಿಗಿತ, ಮೂತ್ರ ಮಾಡುವಾಗ ಚುರುಗುಟ್ಟುವ ನೋವು ಅನುಭವಿಸುತ್ತಿದ್ದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ವೈದ್ಯರ ಎದುರು ಕುಳಿತಾಗಲೂ ಪಕ್ಕದಲ್ಲಿ ಮಗ ನಿಂತಿರುತ್ತಾನಾದ್ದರಿಂದ ಮಂಡಿಯ ನೋವನ್ನಷ್ಟೇ ಹೇಳಿ ಎದ್ದುಬರುತ್ತಾಳೆ. ಈ ಮೌನದ ಬಗೆಗೆ ಈ ಸಲ ನಾಲ್ಕು ಮಾತು ಬರೆಯಬೇಕೆನಿಸಿದೆ.

ಮಠದಲ್ಲಿ ಓದಿ ಬೆಳೆದು ಅರವತ್ತು ದಾಟಿದವನು ಇಂಥ ವಿಷಯ ಎತ್ತಿಕೊಳ್ಳಬಹುದೇ ಎಂದು ಕೆಲವು ಹಿರಿಯರು ಹುಬ್ಬೇರಿಸಿಯಾರು. ಎತ್ತಿಕೊಳ್ಳದಿರುವುದೇ ನಮ್ಮ ಪರಂಪರೆಗೆ ಒಪ್ಪದ ಸಂಗತಿ ಎಂಬುದು ನನ್ನ ಎಣಿಕೆ. ಶರಣರು ನಿರಾಕರಿಸಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ಹೆಣ್ಣಿನ ಮುಟ್ಟಿಗೇ ಮೈಲಿಗೆಯಿಲ್ಲವೆಂದ ಮೇಲೆ, ಆ ಮುಟ್ಟು ನಿಂತ ನಂತರ ಶರೀರದಲ್ಲಾಗುವ ಬದಲಾವಣೆಗೆ ಎಲ್ಲಿಯ ಮೈಲಿಗೆ? ಇನ್ನು ನಮ್ಮ ನಾಡಿನ ಪ್ರಾಚೀನ ವೈದ್ಯಗ್ರಂಥಗಳಂತೂ ಈ ವಿಷಯದಲ್ಲಿ ಎಳ್ಳಷ್ಟೂ ಸಂಕೋಚಪಟ್ಟಿಲ್ಲ. ಹನ್ನೆರಡರ ಸುಮಾರಿಗೆ ಆರಂಭವಾದ ರಜಸ್ಸು ಐವತ್ತರ ಹೊತ್ತಿಗೆ ಕ್ಷಯಿಸುತ್ತದೆಂದು ಸುಶ್ರುತಸಂಹಿತೆ ಹೇಳುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಯೋನಿರೋಗಗಳಿಗೆಂದೇ ಒಂದು ಅಧ್ಯಾಯವಿದ್ದು, ಅಲ್ಲಿ ಎಣಿಸಿರುವ ಇಪ್ಪತ್ತು ಬಗೆಗಳಲ್ಲಿ ಒಂದರ ಹೆಸರೇ ‘ಶುಷ್ಕಾ’, ಅಂದರೆ ಒಣಗಿದುದು. ಆ ಹಳೆಯ ವಿವರಣೆಯೂ ಇಂದಿನ ವೈದ್ಯಶಾಸ್ತ್ರದ ವಿವರಣೆಯೂ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಹಾಗೆ ಹೊಲಿಗೆ ಹಾಕುವ ಚಟ ನಮ್ಮ ವಿದ್ವಾಂಸರಲ್ಲಿ ಹೆಚ್ಚು. ಸಾವಿರಾರು ವರ್ಷಗಳ ಹಿಂದಿನವರು ಹೆಸರಿಟ್ಟು ಬರೆದುದನ್ನು ನಾವು ಹೆಸರಿಡಲೂ ನಾಚುತ್ತಿದ್ದೇವೆ ಎಂಬುದಷ್ಟೇ ನನ್ನ ಮಾತು.

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ಅದನ್ನು ರಜೋನಿವೃತ್ತಿ ಎನ್ನುತ್ತಾರೆ. ಭಾರತೀಯ ಸ್ತ್ರೀಯರಲ್ಲಿ ಇದು ಸರಾಸರಿ 46-47ರ ವಯಸ್ಸಿನಲ್ಲಿ ಬರುತ್ತದೆ. ಪಾಶ್ಚಾತ್ಯ ದೇಶಗಳ ಸ್ತ್ರೀಯರಿಗಿಂತ ನಾಲ್ಕಾರು ವರ್ಷ ಮೊದಲೇ ಎನ್ನಬಹುದು. ಆ ವೇಳೆಗೆ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸ್ರವಿಸುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಯೋನಿಯ ಒಳಪೊರೆಯನ್ನು ದಪ್ಪವಾಗಿ, ಮೃದುವಾಗಿ, ತೇವವಾಗಿ ಇಟ್ಟಿದ್ದುದು ಈ ಹಾರ್ಮೋನು. ಅದು ಇಳಿದಾಗ ಪೊರೆ ತೆಳುವಾಗುತ್ತದೆ, ರಕ್ತಸಂಚಾರ ಕಡಿಮೆಯಾಗುತ್ತದೆ, ಹಿಗ್ಗುವ ಗುಣ ತಗ್ಗುತ್ತದೆ. ಮತ್ತೊಂದು ಸಂಗತಿಯೂ ಇದೆ. ಆ ಪೊರೆಯ ಜೀವಕೋಶಗಳಲ್ಲಿ ಸಂಗ್ರಹವಾಗುತ್ತಿದ್ದ ಒಂದು ಬಗೆಯ ಸಕ್ಕರೆಯನ್ನು ಆಧರಿಸಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳು ಬದುಕಿರುತ್ತವೆ. ಹಾಲನ್ನು ಹೆಪ್ಪುಗಟ್ಟಿಸುವ ಜೀವಿಗಳ ಬಳಗಕ್ಕೇ ಸೇರಿದ ಇವು ಅಲ್ಲಿ ಹದವಾದ ಹುಳಿಯನ್ನು ಉಂಟುಮಾಡಿ ರೋಗಾಣುಗಳನ್ನು ದೂರವಿಡುತ್ತವೆ. ಪೊರೆ ತೆಳುವಾದೊಡನೆ ಅವುಗಳ ಆಹಾರ ಕುಗ್ಗಿ, ಹುಳಿ ಇಳಿದು, ಕಾವಲು ಸಡಿಲವಾಗುತ್ತದೆ. ಮೂತ್ರನಾಳವೂ ಮೂತ್ರಕೋಶದ ಬಾಯಿಯೂ ಇದೇ ಹಾರ್ಮೋನಿನ ಆಸರೆಯಲ್ಲಿದ್ದುದರಿಂದ ತೊಂದರೆ ಅಲ್ಲಿಗೂ ಹಬ್ಬುತ್ತದೆ. ಈ ಕಾರಣದಿಂದಲೇ 2014ರಲ್ಲಿ ತಜ್ಞಸಂಸ್ಥೆಗಳು ಹಳೆಯ ಹೆಸರನ್ನು ಬಿಟ್ಟು, ಯೋನಿ ಮತ್ತು ಮೂತ್ರಾಂಗ ಎರಡನ್ನೂ ಒಳಗೊಂಡ ಹೊಸ ಹೆಸರನ್ನು ಈ ಸ್ಥಿತಿಗೆ ಕೊಟ್ಟವು.

ಮುಟ್ಟು ನಿಂತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಈ ಬಾಧೆ ಒಂದಲ್ಲ ಒಂದು ಪ್ರಮಾಣದಲ್ಲಿ ಇರುತ್ತದೆ. ಇಲ್ಲಿ ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಅದೇ ವಯಸ್ಸಿನಲ್ಲಿ ಬರುವ ಮೈಬಿಸಿ, ಬೆವರು, ನಿದ್ರಾಭಂಗಗಳು ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಈ ಶುಷ್ಕತೆ ಹಾಗಲ್ಲ, ಬಿಟ್ಟಷ್ಟೂ ಬೆಳೆಯುತ್ತದೆ. ‘ನಾಲ್ಕು ದಿನ ತಡೆದುಕೋ, ಸರಿಹೋಗುತ್ತದೆ’ ಎಂಬ ಅತ್ತೆಯ ಉಪದೇಶ ಮೈಬಿಸಿಗೆ ಸಲ್ಲಬಹುದು, ಇದಕ್ಕೆ ಸಲ್ಲುವುದಿಲ್ಲ.

ಇದು ದಾಂಪತ್ಯ ಸುಖಕ್ಕೆ ಮಾತ್ರ ಸಂಬಂಧಿಸಿದ ತೊಂದರೆ, ಆದ್ದರಿಂದ ವಯಸ್ಸಾದವರಿಗೆ ಚಿಕಿತ್ಸೆಯ ಅಗತ್ಯವೇನು ಎಂಬ ಭಾವನೆ ವ್ಯಾಪಕವಾಗಿದೆ. ಎಪ್ಪತ್ತರ ಅಜ್ಜಿ, ಪತಿಯನ್ನು ಕಳೆದುಕೊಂಡು ಇಪ್ಪತ್ತು ವರ್ಷವಾದವರು, ಪೂಜೆಗೆ ಮಣೆಯ ಮೇಲೆ ಅರ್ಧ ತಾಸು ಕೂರಲಾರದೆ ಮಗ್ಗುಲು ಬದಲಿಸುತ್ತಿರುತ್ತಾರೆ. ಮಂಡಿಯೇ ಕಾರಣವೆಂದು ಮನೆಯವರು ಭಾವಿಸುತ್ತಾರೆ. ನಡೆದರೆ ಸೀರೆಯ ಒಳಲಂಗ ತಾಗಿ ಉರಿ. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳಬೇಕು. ಎರಡು ಮೂರು ತಿಂಗಳಿಗೊಮ್ಮೆ ಉರಿಮೂತ್ರ, ಪ್ರತಿ ಸಲವೂ ಒಂದು ವಾರದ ಆಂಟಿಬಯೋಟಿಕ್. ಬಸ್ಸಿನಲ್ಲಿ ಪ್ರಯಾಣವೆಂದರೆ, ಜಾತ್ರೆಯೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟುಬಿಡುತ್ತಾರೆ, ದಾರಿಯಲ್ಲಿ ಶೌಚಾಲಯವಿರುವುದಿಲ್ಲವಲ್ಲ! ನೀರು ಕಡಿಮೆಯಾದರೆ ಮೂತ್ರದ ಸೋಂಕು ಮತ್ತೆ ಹೆಚ್ಚುತ್ತದೆ. ಮೂಲದಲ್ಲಿರುವ ಶುಷ್ಕತೆಗೆ ಚಿಕಿತ್ಸೆ ಕೊಟ್ಟರೆ ಇಂಥ ಮರುಕಳಿಸುವ ಸೋಂಕುಗಳು ಗಣನೀಯವಾಗಿ ಕಡಿಮೆಯಾಗುತ್ತವೆಂಬುದು ಅಧ್ಯಯನಗಳಿಂದ ಸಿದ್ಧಪಟ್ಟಿದೆ. ಆಂಟಿಬಯೋಟಿಕ್ ಚೀಟಿಗಳ ಕಂತೆ ಕಟ್ಟಿಟ್ಟಿರುವ ಮನೆಯವರು ಇದನ್ನು ಗಮನಿಸಬೇಕು.

ದಂಪತಿಗಳ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಸಂಸಾರವೂ ಸತ್ಪಥವೆಂದು ಒಪ್ಪಿದ ಸಮಾಜ ನಮ್ಮದು. ಕೂಡುವಾಗ ನೋವಾಗುವುದರಿಂದ ಪತ್ನಿ ಹಿಂಜರಿಯುತ್ತಾಳೆ, ಕಾರಣ ಹೇಳಲಾರಳು. ತನ್ನ ಮೇಲಿನ ಪ್ರೀತಿ ತೀರಿತೆಂದು ಪತಿ ಬಗೆಯುತ್ತಾನೆ, ಅಥವಾ ಮೊಮ್ಮಕ್ಕಳಾದ ಮೇಲೆ ಇದೆಲ್ಲ ಸಲ್ಲದೆಂದು ಅವಳು ವೈರಾಗ್ಯ ತಾಳಿದ್ದಾಳೆಂದು ತಿಳಿದು ಮುನಿಸಿಕೊಳ್ಳುತ್ತಾನೆ. ಮೂವತ್ತು ವರ್ಷ ಹೊಂದಿ ಬಾಳಿದವರ ನಡುವೆ ಒಂದು ಗೋಡೆ ಏಳುತ್ತದೆ. ಕೆಲವರು ನೋವನ್ನು ನುಂಗಿಕೊಂಡು ಒಪ್ಪಿಕೊಳ್ಳುತ್ತಾರೆ. ಅದು ಇನ್ನೂ ಕಷ್ಟ, ಏಕೆಂದರೆ ನೋವಿನ ಭಯದಿಂದ ಸ್ನಾಯುಗಳು ಬಿಗಿದು ಮುಂದಿನ ಸಲ ನೋವು ಇಮ್ಮಡಿಸುತ್ತದೆ. ಪತಿಯಾದವರು ತಿಳಿಯಬೇಕಾದುದು ಇಷ್ಟೆ: ಒಲವು ಕಡಿಮೆಯಾದುದರ ಗುರುತು ಇದಲ್ಲ, ಪೊರೆ ತೆಳುವಾದುದರ ಗುರುತು. ಕೇಳಬೇಕಾದವರು ನೀವೇ. ಅವಳು ಹೇಳಲೆಂದು ಕಾದರೆ ವರ್ಷಗಳು ಕಳೆಯುತ್ತವೆ.

ಮನೆಯಲ್ಲಿ ಮಾಡಬಾರದ ಕೆಲಸಗಳನ್ನು ಮೊದಲು ಹೇಳುತ್ತೇನೆ, ಏಕೆಂದರೆ ಉರಿ ಬಂದೊಡನೆ ನಮ್ಮ ತಾಯಂದಿರು ಮಾಡುವುದು ಇವನ್ನೇ. ಸಾಬೂನು ಹಚ್ಚಿ ಒಳಗಿನವರೆಗೆ ತೊಳೆಯುವುದು, ನೀರಿಗೆ ಡೆಟಾಲ್ ಬೆರೆಸಿ ತೊಳೆಯುವುದು, ಸುವಾಸನೆಯ ಪೌಡರು ಹಾಕುವುದು ಇವೆಲ್ಲ ಉಳಿದ ತೇವವನ್ನೂ ತೆಗೆದು ಉರಿಯನ್ನು ಹೆಚ್ಚಿಸುತ್ತವೆ. ಬರಿಯ ಉಗುರುಬೆಚ್ಚನೆಯ ನೀರಿನಿಂದ ಹೊರಭಾಗವನ್ನು ತೊಳೆದರೆ ಸಾಕು. ಅರಿಸಿನ, ಮೊಸರು, ಬೇವಿನ ಕಷಾಯ ಮೊದಲಾದುವನ್ನು ಒಳಗೆ ಪ್ರಯೋಗಿಸುವುದು ಬೇಡ. ಹೊರಚರ್ಮಕ್ಕೆ ಸ್ವಲ್ಪ ಕೊಬ್ಬರಿಎಣ್ಣೆ ಸವರಿದರೆ ಬಹಳ ಜನಕ್ಕೆ ಹಿತವೆನಿಸುತ್ತದೆ, ಅಷ್ಟಕ್ಕೆ ಅಡ್ಡಿಯಿಲ್ಲ. ಆದರೆ ನಿರೋಧ್ ಬಳಸುವವರು ಎಣ್ಣೆಯನ್ನು ದೂರವಿಡಬೇಕು, ಎಣ್ಣೆ ತಗುಲಿದರೆ ಆ ರಬ್ಬರು ಹರಿಯುತ್ತದೆ. ಒಳಉಡುಪು ಹತ್ತಿಯದಾಗಿರಲಿ.

ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಎರಡು ಬಗೆಯ ಜೆಲ್‌ಗಳು ಸಿಗುತ್ತವೆ. ಇವೆರಡರ ಭೇದ ತಿಳಿದಿರಬೇಕು. ಜಾರುವಿಕೆಗಾಗಿ ಕೂಡುವ ವೇಳೆಯಲ್ಲಿ ಮಾತ್ರ ಹಚ್ಚುವಂಥದು ಒಂದು, ಇದಕ್ಕೆ ಲೂಬ್ರಿಕೆಂಟ್ ಎನ್ನುತ್ತಾರೆ. ನೀರಿನ ಆಧಾರದ್ದು, ಸುವಾಸನೆ ಬೆರೆಸದಿರುವುದು ಉತ್ತಮ. ಇನ್ನೊಂದು ಮಾಯಿಶ್ಚರೈಸರ್. ಇದನ್ನು ದಾಂಪತ್ಯದ ಪ್ರಶ್ನೆಯೇ ಇಲ್ಲದವರೂ ವಾರಕ್ಕೆ ಎರಡು ಮೂರು ಸಲ ರಾತ್ರಿ ಮಲಗುವಾಗ ಒಳಗೆ ಹಚ್ಚಿಕೊಳ್ಳಬಹುದು. ಪೊರೆಯಲ್ಲಿ ನೀರಿನಂಶವನ್ನು ಹಿಡಿದಿಡುತ್ತದೆ. ಇವೆರಡರಲ್ಲೂ ಹಾರ್ಮೋನು ಇರುವುದಿಲ್ಲ. ಬಾಧೆ ಅಲ್ಪವಾಗಿದ್ದರೆ ಇಷ್ಟರಿಂದಲೇ ನೆಮ್ಮದಿ ದೊರೆಯುತ್ತದೆ. ಅಂಗಡಿಗೆ ಹೋಗಿ ಕೇಳಲು ಹೆಂಗಸರು ನಾಚಿದರೆ ಪತಿಯೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ತರಲಿ.

ಅಷ್ಟರಿಂದ ಆಗದಿದ್ದರೆ ವೈದ್ಯರು ಅಲ್ಪ ಪ್ರಮಾಣದ ಈಸ್ಟ್ರೋಜನ್ ಇರುವ ಕ್ರೀಮನ್ನೋ ಸಣ್ಣ ಗುಳಿಗೆಯನ್ನೋ ಯೋನಿಯೊಳಗೆ ಇಟ್ಟುಕೊಳ್ಳಲು ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಕ್ಕೊಮ್ಮೆ, ಅನಂತರ ವಾರಕ್ಕೆ ಎರಡು ಸಲ. ಗುಣ ಕಾಣಲು ಕೆಲವು ವಾರಗಳು ಬೇಕು, ಪೂರ್ಣ ಫಲಕ್ಕೆ ಮೂರು ತಿಂಗಳೂ ಆಗಬಹುದು. ನಿಲ್ಲಿಸಿದರೆ ತೊಂದರೆ ಮರಳುವುದು ಸಹಜ; ಆದ್ದರಿಂದ ‘ಒಂದು ಟ್ಯೂಬು ಮುಗಿಯಿತು, ಇನ್ನೇಕೆ’ ಎಂದು ತಾವಾಗಿ ಬಿಡಬಾರದು.

ಹಾರ್ಮೋನು ಎಂದೊಡನೆ ಕ್ಯಾನ್ಸರಿನ ಭಯ ಮುಂದೆ ನಿಲ್ಲುತ್ತದೆ. ಈ ಭಯಕ್ಕೆ ಒಂದು ಇತಿಹಾಸವಿದೆ. 2002ರಲ್ಲಿ ಅಮೆರಿಕೆಯಲ್ಲಿ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ಹಾರ್ಮೋನುಗಳನ್ನು ಕೂಡಿಸಿದ ಮಾತ್ರೆ ನುಂಗುತ್ತಿದ್ದವರಲ್ಲಿ ಸ್ತನಕ್ಯಾನ್ಸರ್ ತುಸು ಹೆಚ್ಚಾಗಿ ಕಂಡು, ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ನುಂಗುವ ಮಾತ್ರೆಯ ಮಾತನ್ನು ಹಚ್ಚುವ ಕ್ರೀಮಿಗೂ ಅಂಟಿಸಿಬಿಟ್ಟರು. ಒಳಗೆ ಹಚ್ಚುವ ಅಲ್ಪ ಪ್ರಮಾಣದ ಔಷಧಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಅನೇಕ ವರ್ಷಗಳ ಅವಲೋಕನದಲ್ಲಿ ಅದರಿಂದ ಕ್ಯಾನ್ಸರ್ ಹೆಚ್ಚಿದುದು ಕಂಡುಬಂದಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆಯೇ ಇಂಥ ಔಷಧಿಗಳ ಮೇಲಿನ ಸ್ತನಕ್ಯಾನ್ಸರ್ ಮತ್ತು ಹೃದ್ರೋಗದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಆದರೂ ಸ್ತನಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಅಥವಾ ಪಡೆಯುತ್ತಿರುವವರು ಮೊದಲು ಹಾರ್ಮೋನಿಲ್ಲದ ಜೆಲ್‌ಗಳನ್ನು ನೋಡಬೇಕು. ಸಾಲದಿದ್ದರೆ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಗರ್ಭಕೋಶ ತೆಗೆಸಿಕೊಂಡವರ ಪಾಡು ಬೇರೆ. ಅದರೊಡನೆ ಅಂಡಾಶಯಗಳನ್ನೂ ತೆಗೆದಿದ್ದರೆ ಮೂವತ್ತೈದರ ಹೆಣ್ಣುಮಗಳಿಗೂ ಈ ಶುಷ್ಕತೆ ಕೆಲವೇ ವಾರಗಳಲ್ಲಿ, ಒಮ್ಮೆಲೇ ಬಂದೆರಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಇಂಥ ಶಸ್ತ್ರಕ್ರಿಯೆ ಮಾಡಿದರೆಂಬ ದೂರು 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿ ವಿಚಾರಣೆ ನಡೆದುದು ಓದುಗರಿಗೆ ನೆನಪಿರಬಹುದು. ‘ಮಕ್ಕಳಾಯಿತು, ಇನ್ನು ಚೀಲವೇಕೆ’ ಎಂದು ಒಪ್ಪಿಗೆ ಕೊಡುವ ಮುನ್ನ ಎರಡನೆಯ ವೈದ್ಯರನ್ನು ಕೇಳಿರಿ, ಅಂಡಾಶಯ ಉಳಿಸುವಿರಾ ಎಂದು ಸ್ಪಷ್ಟವಾಗಿ ವಿಚಾರಿಸಿರಿ.

ವೈದ್ಯರಲ್ಲಿ ಹೇಗೆ ಹೇಳುವುದೆಂಬುದೇ ಅನೇಕರ ತೊಡಕು. ‘ಮುಟ್ಟು ನಿಂತು ಇಷ್ಟು ವರ್ಷವಾಯಿತು, ಕೆಳಗೆ ಒಣಗಿದಂತಾಗಿ ಉರಿಯುತ್ತದೆ, ಮೂತ್ರಕ್ಕೆ ಪದೇಪದೇ ಹೋಗಬೇಕಾಗುತ್ತದೆ’ ಎಂಬ ಒಂದು ವಾಕ್ಯ ಸಾಕು. ಉಳಿದುದನ್ನು ಅವರೇ ಕೇಳುತ್ತಾರೆ. ಬಾಯಿ ಬಾರದಿದ್ದರೆ ಇದನ್ನೇ ಒಂದು ಚೀಟಿಯಲ್ಲಿ ಬರೆದು ಕೊಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರಿರುತ್ತಾರೆ. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಯೊಡನೆ ಮಾತು ಆರಂಭಿಸುವುದು ಸುಲಭ. ಕರೆದೊಯ್ದ ಮಗ ಐದು ನಿಮಿಷ ಹೊರಗೆ ನಿಲ್ಲಲಿ, ಸೊಸೆಯೋ ಮಗಳೋ ಒಳಗಿರಲಿ.

ಎಲ್ಲ ಉರಿಯೂ ಶುಷ್ಕತೆಯದೇ ಅಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಒಡೆದ ಮೊಸರಿನಂಥ ಬಿಳುಪು ಹೋಗಿ ತುರಿಸಿದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಹೊರಚರ್ಮ ಬಿಳಿಚಿಕೊಂಡು ತುರಿಸುವುದು ಇನ್ನೊಂದು ರೋಗ. ಅವುಗಳ ಔಷಧಿ ಬೇರೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ, ನೋವಿಲ್ಲದಿದ್ದರೂ, ‘ಮತ್ತೆ ಮುಟ್ಟಾದೆ’ ಎಂದು ಸುಮ್ಮನಿರಬಾರದು. ಬಹಳ ಸಲ ಕಾರಣ ತೆಳುವಾದ ಪೊರೆಯೇ ಆಗಿರುತ್ತದೆ. ಕೆಲವು ಸಲ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ. ಆ ವಾರದೊಳಗೆ ವೈದ್ಯರನ್ನು ಕಂಡು ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು.