ರೊಟ್ಟಿಗೆ ನಾಚುವ ಮನೆಗಳು

ವಿಜಯಪುರ ನಗರದ ಸುಶಿಕ್ಷಿತ ಮನೆಗಳಲ್ಲಿ ಸಾಂಪ್ರತ ಒಂದು ವಿಚಿತ್ರವಾದ ನಾಚಿಕೆಯು ಕಾಣಬರುತ್ತಿದೆ. ಅತಿಥಿಗಳು ಬಂದರೆಂದರೆ ಯಜಮಾನನು ಒಳಮನೆಗೆ ಹೇಳಿ ಕಳುಹಿಸುವ ಮಾತು, "ಇಂದು ರೊಟ್ಟಿ ಬೇಡ, ಪೂರಿ ಮಾಡಿರಿ" ಎಂಬುದು. ಅದೇ ಯಜಮಾನನು ಮರುದಿನ ವೈದ್ಯರ ಕೋಣೆಯ ಹೊರಗೆ ಬಾಕಿನ ಮೇಲೆ ಕುಳಿತು, ರಕ್ತದಲ್ಲಿಯ ಸಕ್ಕರೆಯ ಪ್ರಮಾಣವನ್ನು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದು, ನೆರೆಯವನೊಡನೆ ಓಟ್ಸ್ ಎಂಬ ಪರದೇಶದ ಧಾನ್ಯದ ಗುಣಗಾನವನ್ನು ಮಾಡುತ್ತಿರುತ್ತಾನೆ. ಡೋಣಿ ಬೆಳೆದರೆ ಓಣಿ ಓಣಿಗೂ ಜೋಳವೆಂದು ಜನರು ಆಡಿಕೊಳ್ಳುವ ಸೀಮೆಯಲ್ಲಿ ಹುಟ್ಟಿ, ಜೋಳವನ್ನುಂಡು ಬೆಳೆದ ಈತನಿಗೆ ಮನೆಯ ಧಾನ್ಯವು ಬಡತನದ ಗುರುತಾಗಿಯೂ, ಡಬ್ಬಿಯಲ್ಲಿ ಬಂದ ಧಾನ್ಯವು ಆರೋಗ್ಯದ ಗುರುತಾಗಿಯೂ ತೋರಹತ್ತಿದ್ದು ಹೇಗೆ?

ಇದು ಒಬ್ಬ ಯಜಮಾನನ ಮೌಢ್ಯವಾಗಿದ್ದರೆ ನಕ್ಕು ಬಿಡಬಹುದಾಗಿತ್ತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ಭಾರತದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಅಂದಾಜು ಮಾಡಿತು. ಆ ರೋಗದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೆ ಮೇಲ್ಪಟ್ಟವರು. ಬೆಳೆದ ಜನರಲ್ಲಿ ಮೂವರಿಗೊಬ್ಬರಿಗೆ ರಕ್ತದ ಒತ್ತಡವಿದೆಯೆಂದು ಅದೇ ಸಮೀಕ್ಷೆಯು ತಿಳಿಸುತ್ತದೆ. ಒಂದು ಕಾಲಕ್ಕೆ ಶ್ರೀಮಂತರ ರೋಗವೆನಿಸಿದ್ದ ಸಕ್ಕರೆ ಬೇನೆಯು ಈಗ ಕಾರಕೂನನ ಮನೆಯನ್ನೂ, ಶಾಲಾ ಶಿಕ್ಷಕನ ಮನೆಯನ್ನೂ, ಹೊಲವನ್ನು ಲಾವಣಿಗೆ ಕೊಟ್ಟು ಪೇಟೆಗೆ ಬಂದು ನೆಲೆಸಿದ ಒಕ್ಕಲಿಗನ ಮನೆಯನ್ನೂ ಹೊಕ್ಕಿದೆ. ಹಣೆಬರಹವೆಂದೂ ವಂಶದಿಂದ ಬಂದದ್ದೆಂದೂ ಹೇಳಿ ಕೈಚೆಲ್ಲುವವರುಂಟು. ವಂಶದ ಪಾತ್ರವು ನಿಜವೇ. ಆದರೆ ಅಜ್ಜನ ರಕ್ತವೇ ಮೊಮ್ಮಗನಲ್ಲಿ ಹರಿಯುತ್ತಿರುವಾಗ, ಅಜ್ಜನಿಗೆ ಎಪ್ಪತ್ತರಲ್ಲಿಯೂ ಬಾರದ ರೋಗವು ಮೊಮ್ಮಗನಿಗೆ ಮೂವತ್ತೈದರಲ್ಲಿ ಬಂದರೆ, ಬದಲಾದದ್ದು ರಕ್ತವಲ್ಲ, ತಾಟು. ತಾಟಿನೊಡನೆ ಕಾಲ ನಡಿಗೆ.

ತಾಟಿನ ಮಾತನ್ನೇ ಮೊದಲು ನೋಡಬೇಕು. ಎರೆಭೂಮಿಯ ತೇವವನ್ನೇ ನೆಚ್ಚಿ, ಹಿಂಗಾರಿ ಮಳೆಯ ಮೇಲೆ ಬಿತ್ತಿ, ಚಳಿಗಾಲದ ಇಬ್ಬನಿಯಲ್ಲಿ ತೆನೆ ಕಟ್ಟುವ ಬಿಳಿಜೋಳವು ಈ ಸೀಮೆಯ ಪ್ರಾಣ. ಸೋಲಾಪುರದ ಕಡೆಯ ಮೋಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ, ಅಂದರೆ ಎಂ 35-1, ಸ್ವಾತಂತ್ರ್ಯಪೂರ್ವದಿಂದಲೂ ಇಲ್ಲಿಯ ಹೊಲಗಳಲ್ಲಿ ನಿಂತಿದೆ. ಅನೇಕ ಹೊಸ ತಳಿಗಳು ಬಂದರೂ ರೊಟ್ಟಿಯ ರುಚಿಯಲ್ಲಿ ಅದಕ್ಕೆ ಸರಿಗಟ್ಟಿದವು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಹೊರಡಿಸಿದ ಆಹಾರ ಕೋಷ್ಟಕವನ್ನು ತೆರೆದು ನೋಡಿದರೆ, 100 ಗ್ರಾಂ ಜೋಳದಲ್ಲಿ ನಾರಿನಂಶವು ಸುಮಾರು 10 ಗ್ರಾಂ, ಕಬ್ಬಿಣವು ಸುಮಾರು 4 ಮಿಲಿಗ್ರಾಂ. ಪಾಲಿಶು ಮಾಡಿದ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಂಗೂ ಕಡಿಮೆ. ಇಲ್ಲಿ ಪಕ್ಷಪಾತವು ಸಲ್ಲದು: ಗೋದಿಯ ಇಡಿಹಿಟ್ಟು ನಾರಿನಲ್ಲಿ ಜೋಳಕ್ಕೆ ಸೋಲುವುದಿಲ್ಲ, ಚಪಾತಿಯೊಡನೆ ಯಾರಿಗೂ ಜಗಳವಿಲ್ಲ. ಜಗಳವಿರುವುದು ಮೈದೆಯೊಡನೆ, ಬೇಕರಿಯ ಖಾರಿಯೊಡನೆ, ಬೆಳಗಿನ ಚಹಾದಲ್ಲಿ ಅದ್ದಿ ತಿನ್ನುವ ಬಿಸ್ಕೀಟಿನೊಡನೆ, ದಿನಕ್ಕೆರಡು ಸಲ ತಾಟಿನ ಮುಕ್ಕಾಲು ಪಾಲನ್ನು ಆಕ್ರಮಿಸುವ ಅನ್ನದೊಡನೆ.

ರೊಟ್ಟಿಯೊಂದೇ ರೊಟ್ಟಿಯಲ್ಲ. ಅದರೊಡನೆ ಮಡಕಿಕಾಳು, ಪುಂಡಿಪಲ್ಯ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ಹಸಿ ಉಳ್ಳಾಗಡ್ಡಿ, ಹಕ್ಕರಿಕೆ ಮೆಂತ್ಯದ ಎಲೆಗಳು, ಒಂದು ಬಟ್ಟಲು ಮಜ್ಜಿಗೆ ಇವೆಲ್ಲ ತಾವಾಗಿಯೇ ಬಂದು ಕೂಡುತ್ತಿದ್ದವು. ಧಾನ್ಯ, ದ್ವಿದಳ, ಎಣ್ಣೆಕಾಳು, ಸೊಪ್ಪು, ಹೈನು ಎಂದು ಈಗಿನ ಆಹಾರಶಾಸ್ತ್ರಜ್ಞರು ಬಣ್ಣದ ಚಿತ್ರವನ್ನು ಬರೆದು ಬೋಧಿಸುವ ಸಮತೋಲವನ್ನು, ಅಕ್ಷರವರಿಯದ ಮುದುಕಿಯು ಒಂದು ಬುತ್ತಿಯ ಗಂಟಿನಲ್ಲಿ ಕಟ್ಟಿ ಹೊಲಕ್ಕೆ ಒಯ್ಯುತ್ತಿದ್ದಳು. ಅನ್ನವು ಬಂದ ದಿನ ಹೋದದ್ದು ರೊಟ್ಟಿಯಷ್ಟೇ ಅಲ್ಲ. ಈ ಪರಿವಾರವೆಲ್ಲ ಅದರ ಹಿಂದೆ ಹೊರಟು ಹೋಯಿತು. ಅನ್ನಕ್ಕೆ ಸಾರೊಂದಿದ್ದರೆ ಸಾಕು, ಹಪ್ಪಳ ಉಪ್ಪಿನಕಾಯಿಗಳಿದ್ದರೆ ಹಬ್ಬ. ದಿನಕ್ಕೆ 5 ಗ್ರಾಂ ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು ಒಂದು ಸಣ್ಣ ಚಮಚೆಯಷ್ಟೇ. ಹಪ್ಪಳ ಉಪ್ಪಿನಕಾಯಿಗಳೇ ಅದರ ದೊಡ್ಡ ಪಾಲನ್ನು ನುಂಗಿ ಬಿಡುತ್ತವೆ.

ವಿಶ್ವಸಂಸ್ಥೆಯು ಭಾರತದ ಸೂಚನೆಯ ಮೇರೆಗೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ವರ್ಷ ಸಭೆಗಳಾದವು, ಮೇಳಗಳಾದವು, ಜೋಳದ ಕುಕಿಯೂ ಜೋಳದ ಕೇಕೂ ಹುಟ್ಟಿದವು! ಜೋಳಕ್ಕೆ ಮರ್ಯಾದೆ ಬರಬೇಕಾದರೆ ಅದು ಸಕ್ಕರೆ ಬೆಣ್ಣೆಗಳ ವೇಷವನ್ನು ಧರಿಸಿ ಬರಬೇಕೆಂಬುದೇ ಈ ಕಾಲದ ನ್ಯಾಯ.

ಇಲ್ಲಿ ಎದುರಾಳಿಯು ಎರಡು ಆಕ್ಷೇಪಗಳನ್ನು ಎತ್ತುವನು. ಮೊದಲನೆಯದು ಬೆಲೆಯದು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ಪಡಿತರದ ಅಕ್ಕಿಯು ಬಡವರ ಮನೆಗೆ ಬಂದಿತು, ಹಸಿವೆಯು ಹಿಂಗಿತು. ಅದನ್ನು ಜರೆಯುವ ಅಧಿಕಾರವು ಹೊಟ್ಟೆ ತುಂಬಿದವನಿಗೆ ಇಲ್ಲ. ಉತ್ತರದ ಜಿಲ್ಲೆಗಳಲ್ಲಿ ಅಕ್ಕಿಯ ಜೊತೆಗೆ ಕೆಲವು ವರ್ಷ ಜೋಳವನ್ನೂ ಹಂಚಿದ್ದುಂಟು. ಹಂಚುವುದಕ್ಕೆ ಬೇಕಾದಷ್ಟು ಜೋಳವನ್ನು ಸರಕಾರವು ಈ ಜಿಲ್ಲೆಗಳ ರೈತರಿಂದಲೇ ಯೋಗ್ಯ ಬೆಲೆಗೆ ಕೊಂಡು ಪ್ರತಿ ತಿಂಗಳೂ ತಪ್ಪದೆ ಕೊಡಲೆಂದು ಕೇಳುವುದು ನ್ಯಾಯವಾದ ಬೇಡಿಕೆ. ಆದರೆ ಬೆಲೆಯ ಮಾತನ್ನಾಡುವವರು ಬಹುಶಃ ಬಡವರಲ್ಲ. ತಿಂಗಳಿಗೆ ಸಾವಿರಾರು ರೂಪಾಯಿಗಳ ಔಷಧವನ್ನು ಕೊಳ್ಳುವ ಮನೆಯವರೇ ಜೋಳವು ತುಟ್ಟಿಯಾಯಿತೆಂದು ಗೊಣಗುವರು.

ಎರಡನೆಯ ಆಕ್ಷೇಪವು ನಿಜವಾಗಿಯೂ ತೂಕವುಳ್ಳದ್ದು. "ರೊಟ್ಟಿಯನ್ನು ಬಡಿಯುವವರು ಯಾರು?" ಜೋಳದ ಹಿಟ್ಟಿನಲ್ಲಿ ಗೋದಿಯ ಅಂಟಿಲ್ಲ; ಎಸರು ಕುದಿಸಿ ಹಾಕಬೇಕು, ಅಂಗೈಯ ಬುಡದಿಂದ ನಾದಬೇಕು, ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವ ಊರಿನಲ್ಲಿ ಒಲೆಯ ಮುಂದೆ ಕುಳಿತು ಹತ್ತಿಪ್ಪತ್ತು ರೊಟ್ಟಿಗಳನ್ನು ಬಡಿಯುವುದೆಂದರೆ ತಪಸ್ಸಲ್ಲ, ಶಿಕ್ಷೆ. ಸೊಸೆಯು ಶಾಲೆಗೋ ಕಚೇರಿಗೋ ಹೋಗಿ ಬಂದು ಮತ್ತೆ ಆ ಶಿಕ್ಷೆಯನ್ನು ಅನುಭವಿಸಬೇಕೆಂದು ಹೇಳುವವನು ಆರೋಗ್ಯದ ಹೆಸರಿನಲ್ಲಿ ಅನ್ಯಾಯವನ್ನು ಬೋಧಿಸುವನು. ಹಳೆಯ ಊಟವನ್ನು ಕೊಂಡಾಡುವ ಪಂಡಿತರು ಈ ಒಂದು ಸಂಗತಿಯನ್ನು ಯಾವಾಗಲೂ ನುಂಗಿಕೊಂಡು ಮಾತನಾಡುವರು: ಆ ಊಟದ ಸವಿಯು ಗಂಡಸರದು, ಅದರ ಬೇಗೆಯು ಹೆಂಗಸರದು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪರಿಪಾಠವು ಎಷ್ಟೋ ಮನೆಗಳಲ್ಲಿ ಇನ್ನೂ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ನೂರು ಸ್ತ್ರೀಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಪುಂಡಿಪಲ್ಯವನ್ನು ಮಾಡಿದವಳ ಪಾಲಿಗೆ ಪಾತ್ರೆಯ ತಳವೇ ಉಳಿದರೆ ರಕ್ತವು ಎಲ್ಲಿಂದ ಬರಬೇಕು?

ಆದುದರಿಂದ ಉತ್ತರವು ಸರಳ, ಆದರೆ ಯಜಮಾನನಿಗೆ ಅಪ್ರಿಯ: ರೊಟ್ಟಿಯನ್ನು ಉಣ್ಣುವವನು ಬಡಿಯಲು ಕಲಿಯಲಿ. ಮದುವೆಯ ಅಡಿಗೆಯನ್ನು ಗಂಡಸರು ಮಾಡುವಾಗ ಹೋಗದ ಮಾನವು ಮನೆಯ ಹಂಚಿನ ಮುಂದೆ ಕುಳಿತರೆ ಏಕೆ ಹೋಗಬೇಕು? ಹಿಟ್ಟನ್ನು ನಾದುವುದು ತೋಳಿಗೆ ಒಳ್ಳೆಯ ವ್ಯಾಯಾಮವೆಂಬುದನ್ನು, ಹಣ ತೆತ್ತು ವ್ಯಾಯಾಮಶಾಲೆಗೆ ಹೋಗುವ ತರುಣನು ಒಮ್ಮೆ ಪರೀಕ್ಷಿಸಿ ನೋಡಲಿ. ಅದೂ ಆಗದಿದ್ದರೆ, ರೊಟ್ಟಿ ಬಡಿದು ಮಾರಿ ಸಂಸಾರವನ್ನು ಸಾಗಿಸುವ ಹೆಂಗಸರು ನಗರದಲ್ಲಿ ಬೇಕಾದಷ್ಟು ಇದ್ದಾರೆ. ಅವರು ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಟ್ಟು ತರಲಿ. ಪಿಜ್ಜಾವನ್ನು ತಂದುಕೊಟ್ಟವನೊಡನೆ ಯಾರೂ ಚೌಕಾಶಿ ಮಾಡಿದ್ದನ್ನು ಕಂಡಿಲ್ಲ.

ತಿಕೋಟಾ ಮತ್ತು ಬಬಲೇಶ್ವರಗಳ ಕಥೆಯು ಇನ್ನೊಂದು ಬಗೆಯದು. 2018ರಿಂದ ತಾಲೂಕಿನ ಪದವಿಯನ್ನು ಹೊಂದಿದ ಈ ಎರಡು ಊರುಗಳ ಸುತ್ತಲಿನ ನೆಲವು ದ್ರಾಕ್ಷಿಗೆ ಹೆಸರುವಾಸಿ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರಡು ಸೀಮೆಯನ್ನು ಏರಿ ಬಂದದ್ದು ಸಣ್ಣ ಸಂಗತಿಯಲ್ಲ. ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಬಳ್ಳಿಗಳನ್ನು ಉಳಿಸಿಕೊಂಡ ರೈತರ ಕಣ್ಣೀರನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ಆದರೆ ನೀರು ಹೊಲಕ್ಕೆ ಬಂದಿತಲ್ಲದೆ ತಾಟಿಗೆ ಬರಲಿಲ್ಲ. ನಾಲ್ಕು ಕಿಲೋ ಹಣ್ಣನ್ನು ನೆರಳಿನಲ್ಲಿ ಒಣಗಿಸಿ ಒಂದು ಕಿಲೋ ಮಣೂಕ ಮಾಡಿ, ಮಹಾರಾಷ್ಟ್ರದ ತಾಸಗಾಂವದ ಪೇಟೆಗೆ ಕಳುಹಿಸುವ ರೈತನ ಮನೆಯಲ್ಲಿ ಮಕ್ಕಳು ಸಂಜೆಗೆ ತಿನ್ನುವುದು ಪೊಟ್ಟಣದ ಕುರುಕಲು. ತೋಟದ ಬದುವಿನ ಮೇಲೆ ನಾಲ್ಕು ನುಗ್ಗೆ, ಒಂದು ಕರಿಬೇವು, ಒಂದು ಮಡಿ ಮೆಂತ್ಯ ಹಾಕಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಹಾಗಿದ್ದೂ ಸೊಪ್ಪನ್ನು ಸಂತೆಯಿಂದ ಕೊಳ್ಳುವ ರೈತರ ಸಂಖ್ಯೆಯು ಬೆಳೆಯುತ್ತಿದೆ. ಮಣೂಕದಲ್ಲಿ ತೂಕದ ಅರ್ಧಕ್ಕಿಂತ ಮಿಗಿಲಾದ ಪಾಲು ಸಕ್ಕರೆಯೇ ಎಂಬುದನ್ನೂ ಮರೆಯಬಾರದು. ಹೊಲದಲ್ಲಿ ದುಡಿಯುವ ಹುಡುಗನಿಗೆ ಒಂದು ಹಿಡಿ ಹಿತ, ಗಾದಿಯ ಮೇಲೆ ಕುಳಿತ ಮಧುಮೇಹಿಗೆ ಅಲ್ಲ. ಊರಿನ ಬೆಳೆಯೆಂಬ ಅಭಿಮಾನವು ಈ ಭೇದವನ್ನು ಅಳಿಸಲಾರದು. ಅದೇ ಮಾತು ರೊಟ್ಟಿಗೂ ಸಲ್ಲುತ್ತದೆ. ದಿನವೆಲ್ಲ ಕುರ್ಚಿಯಲ್ಲಿ ಕುಳಿತು, ಕುಂಟೆ ಹೊಡೆದವನಂತೆ ಐದು ರೊಟ್ಟಿ ಉಂಡವನಿಗೆ ಜೋಳವೂ ಮದ್ದಾಗದು.

ಚಹಾದ ಲೆಕ್ಕವನ್ನು ಯಾರೂ ಇಡುವುದಿಲ್ಲ. ಕಚೇರಿಯಲ್ಲಿ ಎರಡು, ಮನೆಯಲ್ಲಿ ಎರಡು, ಗೆಳೆಯನು ಸಿಕ್ಕಾಗ ಒಂದು. ಒಂದಕ್ಕೆ ಎರಡು ಚಮಚೆಯಂತೆ ಹತ್ತು ಚಮಚೆ, ಅಂದರೆ ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಸಿಹಿಯನ್ನೇ ಮುಟ್ಟುವುದಿಲ್ಲವೆಂದು ಹೇಳಿಕೊಳ್ಳುವ ಸಭ್ಯರು ಈ ಕೂಡಿಸುವ ಲೆಕ್ಕವನ್ನು ಒಮ್ಮೆ ಮಾಡಿಕೊಳ್ಳಲಿ.

ಇನ್ನು ನಡಿಗೆ. ಹಳೆಯ ನಗರದ ಕೋಟೆಗೋಡೆಯ ಸುತ್ತಳತೆಯು ಸುಮಾರು 10 ಕಿಲೋಮೀಟರು. ಆದಿಲಶಾಹಿಗಳು ಶತ್ರುಗಳಿಗಾಗಿ ಕಟ್ಟಿದ ಈ ಗೋಡೆಯು ಇಂದು ವೈದ್ಯರು ಹೇಳುವ ವಾರದ ನಡಿಗೆಗೆ ಸಿದ್ಧವಾದ ಅಳತೆಗೋಲು: ಚುರುಕಾಗಿ ನಡೆದರೆ ಒಂದು ಸುತ್ತಿಗೆ ಎರಡು ತಾಸಿಗಿಂತ ಕಡಿಮೆ, ವಾರಕ್ಕೆ ಒಂದೂವರೆ ಸುತ್ತಾದರೆ ಬೆಳೆದವರಿಗೆ ಕನಿಷ್ಠವೆಂದು ನಿಗದಿಯಾದ 150 ನಿಮಿಷಗಳು ತುಂಬುವುವು. ಗೋಳಗುಮ್ಮಟದ ಅಂಗಳದಲ್ಲಿ ಬೆಳಗಿನ ಜಾವ ನಡೆಯುವವರ ಸಂಖ್ಯೆಯೇನೋ ಕಡಿಮೆಯಿಲ್ಲ. ಆದರೆ ಅಲ್ಲಿಗೆ ಬರುವುದು ಮೋಟಾರಿನಲ್ಲಿ, ಹಿಂದಿರುಗುವುದು ಪೂರಿ-ಭಾಜಿಯ ಅಂಗಡಿಯ ಮಾರ್ಗವಾಗಿ! ಸೈಕಲ್ ಓಟದಲ್ಲಿ ರಾಷ್ಟ್ರಮಟ್ಟದ ಪಟುಗಳನ್ನು ಕೊಟ್ಟ ಜಿಲ್ಲೆಯಲ್ಲಿ ಕಾಲೇಜಿನ ಹುಡುಗನು ಓಣಿಯ ತುದಿಯ ಅಂಗಡಿಗೆ ಮೋಟಾರು ಸೈಕಲ್ಲನ್ನು ಹೊರಡಿಸುವನು. 2023ರ ಡಿಸೆಂಬರದಲ್ಲಿ ವೃಕ್ಷಥಾನದ ಓಟಕ್ಕೆ ಜನರು ಗುಂಪು ಗುಂಪಾಗಿ ಬಂದದ್ದು ಸಂತೋಷದ ವಿಷಯವೇ. ಓಟದ ಅಂಗಿಯು ಈಗ ಎಷ್ಟು ಮನೆಗಳಲ್ಲಿ ನೆಲ ಒರೆಸುವ ಅರಿವೆಯಾಗಿದೆಯೋ ಕೇಳಬಾರದು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರವಾದ ಕಲ್ಲನ್ನೆತ್ತುವ ಪೈಲವಾನನಿಗೆ ಚಪ್ಪಾಳೆ ತಟ್ಟುವುದೂ ಒಂದು ವ್ಯಾಯಾಮವೆಂದು ತಿಳಿದವರ ಸಂಖ್ಯೆಯು ದೊಡ್ಡದು.

ಸ್ತ್ರೀಯರ ನಡಿಗೆಯ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಮನೆಗೆಲಸವೇ ಸಾಕಷ್ಟು ವ್ಯಾಯಾಮವೆಂಬುದು ಗಂಡಸರ ಅನುಕೂಲದ ಶಾಸ್ತ್ರ. ಸಂಜೆ ಒಂದು ತಾಸು ಬಯಲಿನಲ್ಲಿ ಒಬ್ಬಳೇ ಅಥವಾ ಗೆಳತಿಯರೊಡನೆ ನಿರ್ಭಯವಾಗಿ ನಡೆಯುವ ಸ್ವಾತಂತ್ರ್ಯ, ಅದಕ್ಕೆ ಬೇಕಾದ ಬೀದಿಯ ದೀಪ, ಕಾಲುದಾರಿ, ಮತ್ತು ಆ ತಾಸಿನಲ್ಲಿ ಒಲೆಯನ್ನು ನೋಡಿಕೊಳ್ಳುವ ಇನ್ನೊಂದು ಕೈ, ಇವಿಲ್ಲದೆ ಆರೋಗ್ಯದ ಉಪದೇಶವನ್ನು ಮಾಡುವುದು ನೀರಿಲ್ಲದ ಬಾವಿಗೆ ಹಗ್ಗವನ್ನು ಕೊಟ್ಟಂತೆ. ತಿಕೋಟಾದ ಸಂತೆಯ ದಾರಿಯಲ್ಲಿ ಬುಟ್ಟಿಯನ್ನು ಹೊತ್ತು ನಡೆಯುವವಳಿಗಿರುವಷ್ಟು ಹಾದಿಯೂ ನಗರದ ಪದವೀಧರೆಗೆ ಇಲ್ಲ.

ಕಡೆಗೆ ಸಾಹಿತ್ಯಸಭೆಗಳನ್ನೂ ಬಿಡುವಂತಿಲ್ಲ. ಆಹಾರ ವಿಹಾರಗಳ ಮೇಲೆ ಉಪನ್ಯಾಸವು ಎರಡು ತಾಸು ನಡೆಯುವುದು. ಶ್ರೋತೃಗಳು ಅಲುಗದೆ ಕುಳಿತಿರುವರು. ಮುಗಿದೊಡನೆ ಶಿರಾ, ಮಿರ್ಚಿ ಭಜಿ, ಸಕ್ಕರೆ ತುಂಬಿದ ಚಹಾ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ನಡೆದು ಹೋಗಿ, ಚರಗವನ್ನು ಚೆಲ್ಲಿ, ಸಜ್ಜಿಯ ರೊಟ್ಟಿ ಕಾಳುಪಲ್ಯಗಳನ್ನು ಗಿಡದ ನೆರಳಿನಲ್ಲಿ ಉಂಡು ಬರುವ ಪದ್ಧತಿಯು ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ಮುಂದಿನ ಸಭೆಯನ್ನು ಅಂಥದೊಂದು ಹೊಲದ ಬದುವಿನಲ್ಲಿ ಕರೆದು, ಸದಸ್ಯರು ನಡೆದು ಬರತಕ್ಕದ್ದೆಂದೂ, ಬುತ್ತಿಯನ್ನು ಗಂಡಸರೇ ಕಟ್ಟಿ ತರತಕ್ಕದ್ದೆಂದೂ ಕಾರ್ಯದರ್ಶಿಗಳು ಆಮಂತ್ರಣಪತ್ರದಲ್ಲಿ ಅಚ್ಚು ಹಾಕಿಸಲಿ. ಎಷ್ಟು ಜನ ಬರುವರೋ ಎಣಿಸಿ ಇಟ್ಟುಕೊಳ್ಳಲಿ.