ಗಡಿ ಈಗ ಬಾಡಿಗೆ ರೂಮಿನ ಬಾಗಿಲಲ್ಲಿ: ಹೊಸ ವಲಸೆ ಕಾನೂನು ಉಡುಪಿಗೆ ಹೇಳುವುದೇನು?

ಉಡುಪಿ: ದೇಶದ ಗಡಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಮುಳ್ಳುತಂತಿ, ಬಂದೂಕು ಹಿಡಿದ ಸೈನಿಕ. ಉಡುಪಿಗೂ ಅದಕ್ಕೂ ಎಂತ ಸಂಬಂಧ ಎಂದು ಕೇಳುವವರೇ ಜಾಸ್ತಿ. ಆದರೆ 2024ರ ಅಕ್ಟೋಬರ್‌ನಲ್ಲಿ ಮಲ್ಪೆಯ ವಡಭಾಂಡೇಶ್ವರದಲ್ಲಿ ಏಳು ಮಂದಿ ಬಾಂಗ್ಲಾದೇಶೀಯರನ್ನು ಪೊಲೀಸರು ಬಂಧಿಸಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವರೇನೂ ಸಮುದ್ರದಿಂದ ದೋಣಿಯಲ್ಲಿ ಬಂದಿಳಿದವರಲ್ಲ. ಇಲ್ಲಿ ಕೆಲಸ ಮಾಡಿಕೊಂಡು, ರೂಮ್ ಮಾಡಿಕೊಂಡು ಇದ್ದವರು. ಅವರ ಬಳಿ ನಕಲಿ ಆಧಾರ್ ಕಾರ್ಡ್ ಇತ್ತು ಎಂದು ಪೊಲೀಸರು ಹೇಳಿದ್ದರು. ಅವರ ಪೈಕಿಯವನೊಬ್ಬ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈಗೆ ಹೊರಟು ಸಿಕ್ಕಿಬಿದ್ದದ್ದೂ ಇದೇ ಪ್ರಕರಣದಲ್ಲಿ.

ಅಂದರೆ ಸಾವಿರಾರು ಕಿಲೋಮೀಟರ್ ದೂರದ ಗಡಿಯಲ್ಲಿ ಆದ ಲೋಪ ಬಯಲಿಗೆ ಬಂದದ್ದು ಮಲ್ಪೆ–ಬಜಪೆಯಲ್ಲಿ. ನಡುವೆ ಎಷ್ಟು ಮಂದಿ ಅವರಿಗೆ ಕೆಲಸ ಕೊಟ್ಟಿರಬಹುದು, ರೂಮ್ ಕೊಟ್ಟಿರಬಹುದು, ಸಿಮ್ ಮಾರಿರಬಹುದು? ಕಾರ್ಡ್ ತೋರಿಸಿದರೆ ಸಾಕು ಎಂದು ನಂಬಿದವರೇ ಎಲ್ಲರೂ.

ಏನು ಬದಲಾಯಿತು?

ಕೇಂದ್ರ ಸರಕಾರ ಕಳೆದ ವರ್ಷ ತಂದ ‘ವಲಸೆ ಮತ್ತು ವಿದೇಶಿಯರ ಕಾಯ್ದೆ–2025’ ಈ ಹಿನ್ನೆಲೆಯಲ್ಲಿ ಮುಖ್ಯ. ಸಂಸತ್ತಿನಲ್ಲಿ ಅಂಗೀಕಾರವಾಗಿ 2025ರ ಏಪ್ರಿಲ್ 4ರಂದು ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು, ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ ಹೊಣೆಗಾರಿಕೆ ಕಾಯ್ದೆ, ಈ ನಾಲ್ಕನ್ನೂ ರದ್ದು ಮಾಡಿ ಒಂದೇ ಕಾನೂನು ಮಾಡಲಾಗಿದೆ. ನಾಲ್ಕರಲ್ಲಿ ಮೂರು ಬ್ರಿಟಿಷರ ಕಾಲದವು.

ಶಿಕ್ಷೆ ಜೋರುಂಟು. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂ. ವರೆಗೆ ದಂಡ, ಇಲ್ಲವೇ ಎರಡೂ. ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದರೆ ಕನಿಷ್ಠ 2, ಗರಿಷ್ಠ 7 ವರ್ಷ ಜೈಲು, ಜೊತೆಗೆ 1 ಲಕ್ಷದಿಂದ 10 ಲಕ್ಷದವರೆಗೆ ದಂಡ. ‘ನಾನು ವಿದೇಶಿಯಲ್ಲ’ ಎಂದು ಸಾಬೀತು ಮಾಡುವ ಹೊಣೆ ಆ ವ್ಯಕ್ತಿಯ ಮೇಲೆಯೇ. ಇದು ಹಳೆ ಕಾನೂನಿನಲ್ಲಿಯೂ ಇತ್ತು, ಹೊಸತರಲ್ಲೂ ಉಳಿದಿದೆ.

ಊರಿನವರಿಗೆ ನೇರವಾಗಿ ತಟ್ಟುವ ಭಾಗ ಬೇರೆಯೇ. ಲಾಡ್ಜ್, ಹೋಂಸ್ಟೇ, ಹಾಸ್ಟೆಲ್, ಪಿ.ಜಿ. ನಡೆಸುವವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ‘ಸಿ ಫಾರ್ಮ್’ ಎಂದೇ ಎಲ್ಲರಿಗೂ ಗೊತ್ತಿರುವ ವರದಿ ಇದು. ವಿದೇಶಿ ವಿದ್ಯಾರ್ಥಿಗಳ ಮಾಹಿತಿಯನ್ನು ಶಿಕ್ಷಣ ಸಂಸ್ಥೆಗಳು, ವಿದೇಶಿ ರೋಗಿಗಳ ಮಾಹಿತಿಯನ್ನು ಆಸ್ಪತ್ರೆಗಳು ಕೊಡಬೇಕು. ಈ ಕರ್ತವ್ಯ ಈಗ ಕಾಯ್ದೆಯೊಳಗೇ ಬಂದು ಕೂತಿದೆ.

ಮಣಿಪಾಲದ ದೊಡ್ಡ ಸಂಸ್ಥೆಗಳಿಗೆ ಇದು ಹೊಸದಲ್ಲ. ಅಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಸಿಬ್ಬಂದಿ ಇದ್ದಾರೆ. ತೊಂದರೆ ಇರುವುದು ಸಣ್ಣವರಿಗೆ. ಹಾಸ್ಟೆಲ್ ಬಿಟ್ಟು ಹೊರಗೆ ಫ್ಲ್ಯಾಟ್ ಹಿಡಿದ ವಿದ್ಯಾರ್ಥಿಗೆ ಮನೆ ಕೊಟ್ಟವರು, ಕಾಪು ಬೀಚ್ ಹತ್ತಿರ ಎರಡು ರೂಮ್‌ನ ಹೋಂಸ್ಟೇ ನಡೆಸುವವರು, ಇವರಲ್ಲಿ ಎಷ್ಟು ಮಂದಿಗೆ 24 ಗಂಟೆಯ ಲೆಕ್ಕ ಗೊತ್ತುಂಟು? ಗೊತ್ತಿಲ್ಲ ಎಂದರೆ ಕಾನೂನು ಬಿಡುವುದಿಲ್ಲ.

ಧಕ್ಕೆಯಲ್ಲಿ, ಕೋರೆಯಲ್ಲಿ

ಇನ್ನೊಂದು ಬದಿ ಹೊರರಾಜ್ಯದ ಕಾರ್ಮಿಕರದ್ದು. ಮಲ್ಪೆಯ ಬೋಟುಗಳಲ್ಲಿ ತಂಡೇಲ ಊರಿನವರಾದರೂ ಕಲಾಸಿಗಳಲ್ಲಿ ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢ, ಆಂಧ್ರದವರು ತುಂಬಾ ಮಂದಿ. ಕಾರ್ಕಳದ ಕಲ್ಲಿನ ಕೋರೆ, ಗೇರುಬೀಜ ಕಾರ್ಖಾನೆ, ಮಣಿಪಾಲದ ಕಟ್ಟಡ ಕೆಲಸ, ಉಡುಪಿಯ ಹೋಟೆಲ್ ಅಡುಗೆಮನೆ, ಎಲ್ಲ ಕಡೆಯೂ ಇದೇ ಕತೆ. ಇವರು ಇಲ್ಲದಿದ್ದರೆ ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದರೂ ಎಷ್ಟೋ ಬೋಟು ಧಕ್ಕೆ ಬಿಟ್ಟು ಹೊರಡಲಿಕ್ಕಿಲ್ಲ.

ಇವರು ವಿದೇಶಿಯರಲ್ಲ, ಭಾರತದ ಪ್ರಜೆಗಳು. ಆದರೆ ಪಶ್ಚಿಮ ಬಂಗಾಳದ ಕಾರ್ಮಿಕ ಮಾತಾಡುವ ಬಂಗಾಳಿಗೂ ಬಾಂಗ್ಲಾದವನ ಬಂಗಾಳಿಗೂ ನಮ್ಮ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಪ್ಪು ಆಗುವುದು ಇಲ್ಲೇ. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ದುಡಿಯುತ್ತಿದ್ದ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ಕುಟುಂಬ ಸಹಿತ ಬಾಂಗ್ಲಾದೇಶಕ್ಕೆ ದಬ್ಬಲಾಯಿತು. ಆ ಕ್ರಮವನ್ನು ಕಲ್ಕತ್ತ ಹೈಕೋರ್ಟ್ ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಅವರು ವಾಪಸ್ ಬಂದದ್ದು ಡಿಸೆಂಬರ್‌ನಲ್ಲಿ. ಪೊಲೀಸರೇ ಎಡವುವ ಕಡೆ, ಅಂಗಡಿ ಬಾಗಿಲಲ್ಲಿ ನಿಂತು ಮುಖ ನೋಡಿ ‘ಇವ ಬಾಂಗ್ಲಾದವ’ ಎಂದು ತೀರ್ಮಾನಿಸಿದರೆ ಏನಾದೀತು?

ಅನುಮಾನವನ್ನು ಭಾಷೆಯ ಮೇಲೆ ಇಟ್ಟರೆ ಇನ್ನೊಂದು ಅಪಾಯವೂ ಉಂಟು: ನಿಜವಾದ ಕಳ್ಳ ಪಕ್ಕದಲ್ಲೇ ಹಾದುಹೋಗುತ್ತಾನೆ. 2025ರ ನವೆಂಬರ್‌ನಲ್ಲಿ ಮಲ್ಪೆಯ ಹಡಗು ಕಟ್ಟೆಯ ಮಾಹಿತಿಯನ್ನು ಪಾಕಿಸ್ತಾನಕ್ಕೆ ಕೊಟ್ಟ ಆರೋಪದಲ್ಲಿ ಬಂಧನಕ್ಕೊಳಗಾದ ಇಬ್ಬರು ಉತ್ತರ ಪ್ರದೇಶದವರು. ಗಡಿಯ ಯಾವ ತಪಾಸಣೆಯೂ ಅವರನ್ನು ತಡೆಯುತ್ತಿರಲಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಸಂಸ್ಥೆಯ ಅಧಿಕಾರಿಯೇ ಕೊಟ್ಟ ದೂರು.

ಆಧಾರ್ ಇದ್ದರೆ ಆಯಿತಾ?

ಇಲ್ಲ. ಆಧಾರ್ ಪೌರತ್ವದ ದಾಖಲೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ನಿಗದಿತ ಅವಧಿಗೆ ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ವಿದೇಶಿಗೂ ಅದು ಸಿಗುತ್ತದೆ. ಆದರೂ ಗುರುತು ಪರೀಕ್ಷೆಗೆ ಅದು ಉಪಯೋಗವೇ. ಝೆರಾಕ್ಸ್ ತೆಗೆದು ಫೈಲಿಗೆ ಹಾಕಿದರೆ ಏನೂ ಪ್ರಯೋಜನವಿಲ್ಲ, ಕಾರ್ಡಿನ ಕ್ಯೂಆರ್ ಕೋಡನ್ನು ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ಫೋಟೊ ತಾಳೆಯಾಗುತ್ತದೋ ಇಲ್ಲವೋ ತಿಳಿಯುತ್ತದೆ. ಒಂದು ನಿಮಿಷದ ಕೆಲಸ. ಸಂಶಯ ಬಂದರೆ ಠಾಣೆಗೆ ತಿಳಿಸುವುದು, ಅಷ್ಟೇ. ಬೆದರಿಸುವುದು, ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುವುದು ಯಾರ ಕೆಲಸವೂ ಅಲ್ಲ.

ಇನ್ನೂ ಒಂದು ಮಾತು. ಕೆಲವು ಗುತ್ತಿಗೆದಾರರಿಗೆ ಕಾರ್ಮಿಕರ ಅಸಲಿ ಕಾರ್ಡನ್ನೇ ಇಟ್ಟುಕೊಳ್ಳುವ ಅಭ್ಯಾಸ ಉಂಟು. ಓಡಿಹೋಗಬಾರದು ಎಂಬ ಲೆಕ್ಕಾಚಾರ. ಗಲ್ಫಿನಲ್ಲಿ ಕಫೀಲ ಪಾಸ್‌ಪೋರ್ಟ್ ಕಿತ್ತುಕೊಂಡ ಎಂದು ಬೇಸರಪಡುವ ಊರಿನವರು ಇಲ್ಲಿ ಅದನ್ನೇ ಮಾಡಿದರೆ ಹೇಗೆ?

ಹೋಗುವವರ ಲೆಕ್ಕ

ಉಡುಪಿಗೆ ವಲಸೆ ಎಂದರೆ ಬರುವುದು ಮಾತ್ರವಲ್ಲ, ಹೋಗುವುದೂ ಹೌದು. ಕಾಪು, ಶಿರ್ವ, ಪಡುಬಿದ್ರಿ, ಬೆಳ್ಮಣ್ ಕಡೆ ದುಬೈ, ಕುವೈತ್, ಸೌದಿಯ ಹಣದಲ್ಲಿ ಎದ್ದ ಮನೆಗಳು ಕಡಿಮೆಯೇನಲ್ಲ. ಹೋಗುವವರನ್ನು ಕಾಯಬೇಕಾದ ಕಾನೂನು ಮಾತ್ರ 1983ರದ್ದು. ಅದರ ಜಾಗಕ್ಕೆ ಸಾಗರೋತ್ತರ ಉದ್ಯೋಗಕ್ಕೆ ಹೋಗುವವರ ಅನುಕೂಲ ಮತ್ತು ಕಲ್ಯಾಣದ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ, ನವೆಂಬರ್ 7ರವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಗಲ್ಫಿಗೆ ಇಷ್ಟು ಜನ ಕಳಿಸಿದ ಜಿಲ್ಲೆಯಲ್ಲಿ ಇದರ ಬಗ್ಗೆ ಒಂದು ಸಭೆಯಾದರೂ ಆಗಬೇಕಿತ್ತು.

ಈಗಿನ ನಿಯಮ ಗೊತ್ತಿದ್ದರೂ ಎಷ್ಟೋ ಮೋಸ ತಪ್ಪುತ್ತದೆ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು 30 ಸಾವಿರ ರೂ. ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಏಜೆಂಟ್ ಅಸಲಿಯೋ ಅಲ್ಲವೋ ಎಂದು ಸರಕಾರದ ಇ–ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಹತ್ತನೇ ತರಗತಿ ಪಾಸಾಗದವರಿಗೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ಅನುಮತಿ ಬೇಕು. ಹೀಗೆ ಹೋದವರಿಗೆ 10 ಲಕ್ಷ ರೂ. ವಿಮೆಯೂ ಉಂಟು. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿ ಮಾಡುವ’ ಎನ್ನುವವನನ್ನು ನಂಬಿ ಹೋದವನಿಗೆ ಇದ್ಯಾವುದೂ ಸಿಗುವುದಿಲ್ಲ. ಕೆಲಸದ ಆಸೆಗೆ ಥಾಯ್ಲೆಂಡಿಗೆ ಹೋಗಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

ಜಿಲ್ಲೆ ಮಾಡಬಹುದಾದದ್ದು

ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಇರುವುದು ಮಲ್ಪೆಯಲ್ಲೇ, ಠಾಣೆಗಳು ಹೆಜಮಾಡಿ, ಗಂಗೊಳ್ಳಿಯಲ್ಲೂ ಇವೆ. ಸಮುದ್ರದ ಬದಿಗೆ ಕಣ್ಣು ಉಂಟು. ನೆಲದ ಬದಿಗೆ ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ. ಮೀನುಗಾರಿಕೆ ಋತು ಶುರುವಾಗುವ ಮೊದಲು ಧಕ್ಕೆಯಲ್ಲಿ, ಕಾಲೇಜು ತೆರೆಯುವ ಹೊತ್ತಿಗೆ ಮಣಿಪಾಲದಲ್ಲಿ, ಮಳೆ ಮುಗಿದು ಕೋರೆ ಕೆಲಸ ಚುರುಕಾಗುವಾಗ ಕಾರ್ಕಳದಲ್ಲಿ ಪೊಲೀಸ್ ಮತ್ತು ಕಾರ್ಮಿಕ ಇಲಾಖೆ ಒಟ್ಟಿಗೆ ಕೂತು ಒಂದು ದಿನದ ನೋಂದಣಿ ಶಿಬಿರ ಮಾಡಲಿ. ಏನು ಕೊಡಬೇಕು, ಎಲ್ಲಿ ಕೊಡಬೇಕು ಎಂಬುದು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಪಂಚಾಯತ್ ಬೋರ್ಡಿಗೆ ಬರಲಿ. ಮಾಹಿತಿ ಕೊಟ್ಟ ಅಂಗಡಿಯವನನ್ನು ಹತ್ತು ಸಲ ಠಾಣೆಗೆ ಅಲೆಸಿದರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ, ಇದನ್ನೂ ಇಲಾಖೆ ನೆನಪಿಡಬೇಕು.

ಕಾನೂನು ದೆಹಲಿಯಲ್ಲಿ ಆಯಿತು. ಅದು ನಡೆಯುವುದು ಮಲ್ಪೆಯ ರೂಮಿನ ಬಾಗಿಲಲ್ಲಿ, ಮಣಿಪಾಲದ ಪಿ.ಜಿ. ಕೌಂಟರಿನಲ್ಲಿ. ಅಲ್ಲಿ ಕೂತವರಿಗೆ ನಿಯಮ ಸರಿಯಾಗಿ ಗೊತ್ತಿದ್ದರೆ ನಕಲಿ ಕಾರ್ಡಿನವನು ಸಿಕ್ಕಿಬೀಳುತ್ತಾನೆ, ಹೊಟ್ಟೆಪಾಡಿಗೆ ಬಂದವನು ನೆಮ್ಮದಿಯಿಂದ ದುಡಿಯುತ್ತಾನೆ. ನಮ್ಮ ಮಕ್ಕಳು ದುಬೈಯಲ್ಲಿ ಬಯಸುವುದೂ ಇದನ್ನೇ ಅಲ್ಲವೇ?